ಊರುಭಂಗದ ತರುವಾಯ



ಕಾವ್ಯ ಶಾಸ್ತ್ರಗಳ ಉಪನ್ಯಾಸವನ್ನು ಕೇಳಿ ಅಭ್ಯಾಸವಾಗಿರುವ ಸಭೆಯ ಮುಂದೆ ವೈದ್ಯನೊಬ್ಬನು ನಿಂತು ಬೆನ್ನುಹುರಿಯ ಗಾಯವನ್ನೂ ಅದರಿಂದೊದಗುವ ಮನೋವ್ಯಥೆಯನ್ನೂ ಕುರಿತು ಮಾತನಾಡತೊಡಗಿದರೆ, ಅದು ಮದುವೆಯ ಮನೆಯಲ್ಲಿ ಕಷಾಯದ ಮಾತೆತ್ತಿದಂತೆ ಆದೀತೇನೋ ಎಂಬ ಅಳುಕು ನನಗಿಲ್ಲದೆ ಇರಲಿಲ್ಲ. ಆದರೆ ತೆಂಗಿನ ಮರವನ್ನು ನಂಬಿ ಬದುಕುವ ಈ ಸೀಮೆಯಲ್ಲಿ, ಆ ಮರದಿಂದ ಬಿದ್ದವನ ಸುದ್ದಿಯನ್ನು ಕೇಳದ ಊರು ಯಾವುದಿದೆ? ಆದುದರಿಂದ ವಿಷಯವು ಸಭೆಗೆ ಹೊರಗಿನದಲ್ಲವೆಂಬ ಧೈರ್ಯದಿಂದ ಮುಂದುವರಿಯುತ್ತೇನೆ.

ನಾವು ಸೇರಿರುವ ಸಂಪಿಗೆಯೆಂದೊಡನೆ ಕನ್ನಡಿಗರ ನೆನಪಿಗೆ ಬರತಕ್ಕದ್ದು, ಇದು ಬಿ.ಎಂ. ಶ್ರೀಕಂಠಯ್ಯನವರು ೧೮೮೪ನೆಯ ಇಸವಿ ಜನವರಿ ೩ರಂದು ಹುಟ್ಟಿದ ಊರೆಂಬ ಸಂಗತಿ. ಕನ್ನಡದ ಕಣ್ವರೆಂದು ನಾಡು ಮನ್ನಿಸಿದ ಆ ಹಿರಿಯರು, ರನ್ನನ ಮಹಾಕಾವ್ಯವನ್ನು ರಂಗಕ್ಕೆ ಹೊಂದಿಸಿ ೧೯೨೬ರಲ್ಲಿ ‘ಗದಾಯುದ್ಧ ನಾಟಕ’ವನ್ನೂ, ಗ್ರೀಕ್ ಕವಿ ಸೊಫೊಕ್ಲೀಸನ ‘ಏಜಾಕ್ಸ್’ ಎಂಬ ರುದ್ರನಾಟಕದ ಜಾಡಿನಲ್ಲಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನೂ ನಮಗೆ ಕೊಟ್ಟರು. ತೊಡೆ ಮುರಿದು ನೆಲಕ್ಕೊರಗಿದ ಅರಸ ಸುಯೋಧನನನ್ನು ಮೊದಲನೆಯದರಲ್ಲಿ ನಾವು ಕಾಣುತ್ತೇವೆ. ಎರಡನೆಯದರ ಗ್ರೀಕ್ ಮೂಲದಲ್ಲಿ, ಮಾನಭಂಗವನ್ನು ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಪ್ರಾಣವನ್ನು ನೀಗಿಕೊಂಡ ವೀರನನ್ನು ಕಾಣುತ್ತೇವೆ. ನನ್ನ ಇಂದಿನ ವಿಷಯಕ್ಕೆ ಇವೆರಡಕ್ಕಿಂತ ಹತ್ತಿರದ ಚಿತ್ರಗಳು ನಮ್ಮ ಸಾಹಿತ್ಯದಲ್ಲಿ ದೊರೆಯಲಾರವೆಂದು ತೋರುತ್ತದೆ.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಊರುಭಂಗವಾದ ಸುಯೋಧನನನ್ನು ವ್ಯಾಸರಾಗಲಿ, ಅವರನ್ನು ಹಿಂಬಾಲಿಸಿದ ಕವಿಗಳಾಗಲಿ ಒಂದು ರಾತ್ರಿಗಿಂತ ಹೆಚ್ಚು ಕಾಲ ಬದುಕಿಸಲಿಲ್ಲ. ಸಂಜೆಗೆ ತೊಡೆ ಮುರಿಯಿತು, ಇರುಳೆಲ್ಲ ನೋವು ರೋಷಗಳು ಕುದಿದವು, ಬೆಳಗಾಗುವುದರೊಳಗೆ ಪ್ರಾಣ ಹೋಯಿತು. ಏಜಾಕ್ಸನ ಅವಮಾನಕ್ಕೂ ಆಯುಸ್ಸು ಬಹಳವಿಲ್ಲ. ಎದ್ದು ನಿಲ್ಲಲಾರದ ಸುಯೋಧನನು ಇನ್ನೂ ಮೂವತ್ತು ವರ್ಷ ಬಾಳಿದ್ದರೆ ಅವನನ್ನು ಹೊರಳಿಸುವವರಾರು, ಅವನ ಮೂತ್ರಕ್ಕೆ ವ್ಯವಸ್ಥೆಯೇನು, ರಾಣಿ ಭಾನುಮತಿಯ ಸೊಂಟದ ಗತಿಯೇನು, ಅರಮನೆಯ ಮೆಟ್ಟಿಲುಗಳನ್ನು ಏನು ಮಾಡುವುದು ಎಂಬ ಪ್ರಶ್ನೆಗಳು ಮಹಾಕಾವ್ಯದ ಗಾಂಭೀರ್ಯಕ್ಕೆ ಒಗ್ಗತಕ್ಕವಲ್ಲ. ಆ ಕಾಲದ ವೈದ್ಯವೂ ಅವನ್ನು ಏಳಗೊಡುತ್ತಿರಲಿಲ್ಲ. ಇಂದಿನ ವೈದ್ಯವಾದರೋ ಆ ಮೂವತ್ತು ವರ್ಷಗಳನ್ನು ನಿಜವಾಗಿ ಕೊಟ್ಟುಬಿಟ್ಟಿದೆ. ಆದರೆ ನಮ್ಮ ಕನಿಕರ ಮಾತ್ರ ಇನ್ನೂ ಆ ಒಂದು ರಾತ್ರಿಯ ಅಳತೆಯದಾಗಿಯೇ ಉಳಿದಿದೆ. ಬಿದ್ದವನನ್ನು ನೋಡಲು ಬರುವವರು ಸಾಯುತ್ತಿರುವವನನ್ನು ನೋಡುವ ಕಣ್ಣಿನಿಂದಲೇ ಅವನನ್ನು ನೋಡುತ್ತಾರೆ. ಅವನು ಸಾಯದೆ ಉಳಿದಾಗ, ಅವನೊಡನೆ ಹೇಗೆ ಬಾಳಬೇಕೆಂಬುದು ಅವರಿಗೆ ತಿಳಿಯುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇದಿಷ್ಟೆ.

ಮೊದಲು ಬೀಳುವಿಕೆಯ ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿರುವುದು ಬಹುಮಟ್ಟಿಗೆ ತಿಪಟೂರು ಟಾಲ್ ಎಂದು ಹೆಸರಾದ ಎತ್ತರದ ತಳಿ. ತಿಪಟೂರಿನ ಮಾರುಕಟ್ಟೆಗೆ ಕೀರ್ತಿ ತಂದ ಉಂಡೆ ಕೊಬ್ಬರಿ ಈ ಮರಗಳ ಕಾಯಿಯಿಂದಲೇ ಆಗಬೇಕು. ಬಲಿತ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕುಳಿತು, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಗಡಗಡ ಎನ್ನಬೇಕು. ಅಟ್ಟ ಸೇರಿದ ಕಾಯಿಗೆ ತಾಳ್ಮೆಯೊಂದೇ ಸಾಕು. ಮರದ ಮೇಲಿರುವ ಕಾಯಿಗೆ ಮನುಷ್ಯನೇ ಬೇಕು. ಹಲವು ದಶಕಗಳ ಮರ ಐವತ್ತು ಅರುವತ್ತು ಅಡಿ ಬೆಳೆದು ನಿಂತಾಗ ಕೆಳಗಿನಿಂದ ದೋಟಿಗೆ ಎಟುಕುವುದಿಲ್ಲ. ಕಾಲಿಗೆ ಹಗ್ಗದ ಬಳೆ ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಹತ್ತುವವನಿಗೆ ಮಳೆಯಲ್ಲಿ ನೆನೆದ ಬೊಡ್ಡೆಯ ಜಾರು, ಒಣಗಿದ್ದರೂ ಕಳಚದೆ ನಿಂತಿರುವ ಮಟ್ಟೆಯ ಮೋಸ, ಸುಳಿಯಲ್ಲಿ ಅಡಗಿರುವ ಕಣಜದ ಗೂಡು, ಎಳನೀರಿನ ಗೊನೆಯನ್ನು ಹಗ್ಗದಿಂದ ಇಳಿಸುವಾಗಿನ ಜಗ್ಗಾಟ ಇವೆಲ್ಲವೂ ಅಪಾಯಗಳೇ. ಹಸಿರಾಗಿ ಕಂಡ ಮಟ್ಟೆಯನ್ನು ನಂಬಿ ಹಿಡಿದ ಕೈಯೊಡನೆ ಮಟ್ಟೆಯೇ ಕಿತ್ತುಬಂದರೆ ಅನುಭವವಾಗಲಿ ಚಾಕಚಕ್ಯವಾಗಲಿ ಅವನನ್ನು ಕಾಯಲಾರವು.

ಅಷ್ಟೆತ್ತರದಿಂದ ಕಾಲೂರಿಯೋ ಕುಳಿತಂತೆಯೋ ಬಿದ್ದವನ ದೇಹದಲ್ಲಿ ಪೆಟ್ಟು ಕೆಳಗಿನಿಂದ ಮೇಲಕ್ಕೇರುತ್ತದೆ. ಪಕ್ಕೆಲುಬುಗಳ ಆಸರೆಯಿಂದ ಬಿಗಿಯಾಗಿರುವ ಎದೆಯ ಬೆನ್ನುಮೂಳೆಯೂ, ಬಾಗಿ ಬಳುಕುವ ಸೊಂಟದ ಬೆನ್ನುಮೂಳೆಯೂ ಸೇರುವ ಎಡೆ ಇಡೀ ಕಂಬದಲ್ಲಿ ದುರ್ಬಲವಾದುದು. ಎದೆಯ ಹನ್ನೆರಡನೆಯ ಮೂಳೆಯೋ ಸೊಂಟದ ಮೊದಲನೆಯದೋ ಅಲ್ಲಿ ನಜ್ಜುಗುಜ್ಜಾಗುತ್ತದೆ. ತಲೆಕೆಳಗಾಗಿ ಬಿದ್ದವನಿಗಾದರೆ ಕುತ್ತಿಗೆಯೇ ಮುರಿಯಬಹುದು. ಮೂಳೆ ಮುರಿಯುವುದು ಸ್ವತಃ ಘೋರವಲ್ಲ, ಮೂಳೆ ಕೂಡಿಕೊಳ್ಳುತ್ತದೆ. ಆ ಮೂಳೆಗಳ ನಡುವಿನ ಸುರಂಗದಲ್ಲಿ ಇಳಿದುಬಂದಿರುವ, ಕಿರುಬೆರಳಿನಷ್ಟು ದಪ್ಪವೂ ಮೊಳದಷ್ಟು ಉದ್ದವೂ ಆದ ಬೆನ್ನುಹುರಿಯೆಂಬ ನರಗಳ ಕಟ್ಟು ಜಜ್ಜಿಹೋದರೆ ಅದು ಮಾತ್ರ ಮರಳಿ ಕೂಡಿಕೊಳ್ಳುವುದಿಲ್ಲ. ಮೂವತ್ತೊಂದು ಜೊತೆ ನರಗಳು ಅದರಿಂದ ಹೊರಡುತ್ತವೆ. ಯಾವ ಮಟ್ಟದಲ್ಲಿ ಪೆಟ್ಟು ಬಿತ್ತೋ ಅಲ್ಲಿಂದ ಕೆಳಗಿನ ಸೀಮೆಯೊಡನೆ ಮಿದುಳಿನ ಮಾತುಕತೆ ನಿಂತುಹೋಗುತ್ತದೆ. ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ, ಕಾಲು ಸ್ವಾಧೀನ ತಪ್ಪುತ್ತದೆ.

ಇಲ್ಲಿ ಪ್ರಾಣವಾಯುವಿನ ಪ್ರಸ್ತಾಪವನ್ನು ತರಬೇಕಾಗಿದೆ, ಏಕೆಂದರೆ ಬಿದ್ದ ಕ್ಷಣದಲ್ಲಿ ಆದ ಹಾನಿಗಿಂತ ಬಿದ್ದ ಮೇಲೆ ಆಗುವ ಹಾನಿಯು ಕೆಲವೊಮ್ಮೆ ದೊಡ್ಡದಾಗಿರುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಸುಮಾರು ಎರಡು ಭಾಗದಷ್ಟೇ ಇರುವ ಮಿದುಳು, ನಾವು ಉಸಿರಾಡಿ ಪಡೆದ ಆಮ್ಲಜನಕದ ಐದನೆಯ ಒಂದು ಪಾಲನ್ನು ತಾನೊಂದೇ ಬಳಸಿಕೊಳ್ಳುತ್ತದೆ. ಉಳಿತಾಯವೆಂಬುದನ್ನು ಅದು ಅರಿಯದು. ನಾಲ್ಕೈದು ನಿಮಿಷ ಪೂರೈಕೆ ನಿಂತರೆ ಅದರ ಕಣಗಳು ಸಾಯತೊಡಗುತ್ತವೆ. ಬೆನ್ನುಹುರಿಯೂ ಅದೇ ಕುಲದ ಅಂಗ. ಜಜ್ಜಿದ ಹುರಿಯಲ್ಲಿ ರಕ್ತ ಸೋರುತ್ತದೆ, ಊತ ಬರುತ್ತದೆ, ಸಣ್ಣ ನಾಳಗಳು ಸಂಕೋಚಗೊಳ್ಳುತ್ತವೆ. ಅದರಿಂದ ಪೆಟ್ಟು ತಿನ್ನದೆ ಉಳಿದಿದ್ದ ಅಕ್ಕಪಕ್ಕದ ಭಾಗಕ್ಕೂ ರಕ್ತವಿಲ್ಲದೆ, ರಕ್ತ ತರುವ ಆಮ್ಲಜನಕವಿಲ್ಲದೆ, ಗಂಟೆಗಳಲ್ಲಿಯೂ ದಿನಗಳಲ್ಲಿಯೂ ನಾಶವು ಹಬ್ಬುತ್ತ ಹೋಗುತ್ತದೆ. ಇದನ್ನು ವೈದ್ಯರು ಎರಡನೆಯ ಗಾಯವೆಂದು ಕರೆಯುತ್ತಾರೆ. ಮೊದಲ ವಾರದಲ್ಲಿ ಆಸ್ಪತ್ರೆಯವರು ರೋಗಿಯ ರಕ್ತದೊತ್ತಡ ಕುಗ್ಗದಂತೆ ಅಷ್ಟೊಂದು ಎಚ್ಚರವಹಿಸುವುದು ಇದಕ್ಕಾಗಿಯೇ. ಕುತ್ತಿಗೆಯಲ್ಲಿ ಪೆಟ್ಟಾದವನ ಸ್ಥಿತಿ ಇನ್ನೂ ಕಠಿಣ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಳುವ ನರ ಕುತ್ತಿಗೆಯ ಮೂರು, ನಾಲ್ಕು, ಐದನೆಯ ಮಟ್ಟಗಳಿಂದ ಹೊರಡುತ್ತದೆ. ಅದಕ್ಕಿಂತ ಮೇಲೆ ಹುರಿ ಕಡಿದರೆ ಉಸಿರೇ ನಿಲ್ಲುತ್ತದೆ, ಸ್ವಲ್ಪ ಕೆಳಗೆ ಕಡಿದರೆ ವಪೆ ಉಳಿದರೂ ಎದೆಯ ಸ್ನಾಯುಗಳು ಹೋಗಿ, ಕೆಮ್ಮಲಾರದೆ, ಕಫವನ್ನು ಹೊರಹಾಕಲಾರದೆ, ಎಚ್ಚರವಿದ್ದಂತೆಯೇ ಮನುಷ್ಯನು ಮೆಲ್ಲಮೆಲ್ಲನೆ ಪ್ರಾಣವಾಯುವಿಗೆ ಬಡವನಾಗುತ್ತಾನೆ.

ಈ ಎರಡನೆಯ ಗಾಯದಲ್ಲಿ ನಮ್ಮ ಕೈವಾಡವೂ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರದಿಂದ ಬಿದ್ದವನ ಬಳಿಗೆ ಓಡಿಬಂದವರು ಮೊದಲು ಮಾಡುವ ಕೆಲಸ ಅವನನ್ನು ಎತ್ತಿ ಕೂರಿಸುವುದು. ಅನಂತರ ಬಾಯಿಗೆ ನೀರು ಬಿಡುವುದು. ಆಮೇಲೆ ಒಬ್ಬನು ಕಂಕುಳಿಗೆ ಕೈ ಕೊಟ್ಟು, ಇನ್ನೊಬ್ಬನು ಮೊಣಕಾಲು ಹಿಡಿದು, ನಡುವೆ ಬೆನ್ನು ಜೋತಾಡುವಂತೆ ಹೊತ್ತು ಆಟೋದಲ್ಲೋ ಬೈಕಿನ ಮೇಲೆ ಇಬ್ಬರ ನಡುವೆಯೋ ಕೂರಿಸಿಕೊಂಡು ಹೋಗುವುದು. ಮೂರೂ ಪ್ರೀತಿಯಿಂದ ಮಾಡುವ ಕೆಲಸಗಳೇ, ಮೂರೂ ಅಪಾಯಕರವೇ. ಅರ್ಧ ಉಳಿದಿದ್ದ ಹುರಿಯನ್ನು ಮುರಿದ ಮೂಳೆಯ ಚೂರು ಆ ಎತ್ತಾಟದಲ್ಲಿ ಪೂರ್ತಿ ಕತ್ತರಿಸಬಹುದು. ಪ್ರಜ್ಞೆಯಿಲ್ಲದವನ ಬಾಯಿಗೆ ಬಿಟ್ಟ ನೀರು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿಯಬಹುದು. ಬಿದ್ದವನು ಉಸಿರಾಡುತ್ತಿದ್ದಾನೆಯೇ ಎಂದು ಮೊದಲು ನೋಡಿ, ತಲೆ ಕುತ್ತಿಗೆಗಳನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿದು, ಕರ್ನಾಟಕದಲ್ಲಿ ೨೦೦೮ರ ರಾಜ್ಯೋತ್ಸವದಂದು ಆರಂಭವಾದ ೧೦೮ರ ಆಂಬ್ಯುಲೆನ್ಸನ್ನು ಕರೆದು ಕಾಯುವುದು ಉಚಿತ. ಸಾಗಿಸಲೇಬೇಕಾದ ಸಂದರ್ಭ ಬಂದರೆ ನಾಲ್ಕೈದು ಮಂದಿ ಸೇರಿ, ತಲೆ, ಬೆನ್ನು, ಸೊಂಟ, ಕಾಲು ಒಂದೇ ಸಾಲಿನಲ್ಲಿರುವಂತೆ ಮರದ ದಿಮ್ಮಿಯನ್ನು ಹೊರಳಿಸುವ ರೀತಿಯಲ್ಲಿ ಹೊರಳಿಸಿ, ಅಗಲವಾದ ಹಲಗೆಯೊಂದರ ಮೇಲೆ ಮಲಗಿಸಬೇಕು. ಹಲಗೆಯಿಲ್ಲದಿದ್ದರೆ ಮನೆಯ ಬಾಗಿಲನ್ನೇ ಕಳಚಬಹುದು. ಬಾಗಿಲಿಗೆ ಬೆಲೆ ಕಟ್ಟುವ ಸಮಯ ಅದಲ್ಲ.

ಬೆನ್ನುಹುರಿ ಕೆಡುವುದು ಪತನದಿಂದ ಮಾತ್ರವೆಂದು ಯಾರೂ ತಿಳಿಯಬಾರದು. ಬೆನ್ನುಮೂಳೆಗೆ ಹತ್ತುವ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಕಾಲುಗಳ ಬಲವನ್ನು ಕಸಿಯುತ್ತಿದೆ. ಬಹುದಿನದ ಬೆನ್ನುನೋವು, ಸಂಜೆಯ ಜ್ವರ, ನಡೆಯುವಾಗ ಕಾಲು ತೊಡರುವುದು ಇವನ್ನು ವಾಯುವೆಂದು ತಳ್ಳಿಹಾಕದೆ ಸಕಾಲದಲ್ಲಿ ತೋರಿಸಿಕೊಂಡರೆ ಔಷಧದಿಂದಲೇ ಬಹುಮಂದಿ ಎದ್ದು ನಡೆಯುತ್ತಾರೆ. ನಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡು ವರ್ಷಾನುವರ್ಷ ಮೂಳೆಗಳಲ್ಲಿ ಸೇರಿ, ಹುರಿಯ ಸುರಂಗವನ್ನೇ ಕಿರಿದುಮಾಡಿ, ಪೆಟ್ಟೇ ಬೀಳದವರನ್ನೂ ಹಾಸಿಗೆ ಹಿಡಿಸಬಲ್ಲುದು. ಅದರ ವಿಚಾರ ಬೇರೆಯೇ ಒಂದು ಉಪನ್ಯಾಸವನ್ನು ಬೇಡುತ್ತದೆ.

ಇನ್ನು ಚಿಕಿತ್ಸೆಯ ಕತೆ. ಈಜಿಪ್ಟಿನಲ್ಲಿ ದೊರೆತ, ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಶಸ್ತ್ರವೈದ್ಯದ ಸುರುಳಿಯೊಂದು ಕತ್ತಿನ ಮೂಳೆ ಸರಿದು ಕೈಕಾಲು ಸತ್ತವನನ್ನು ವರ್ಣಿಸಿ, ಇಂಥವನಿಗೆ ಚಿಕಿತ್ಸೆ ಮಾಡಹೋಗಬೇಡವೆಂದು ವೈದ್ಯನಿಗೆ ಬುದ್ಧಿ ಹೇಳುತ್ತದೆ. ಆ ಬುದ್ಧಿವಾದ ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂತು. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನಿಗೆ ಗುಂಡು ತಗುಲಿದ ಸಿಪಾಯಿಗಳಲ್ಲಿ ಬಹುಮಂದಿ ಕೆಲವು ವಾರಗಳಲ್ಲಿಯೇ ತೀರಿಕೊಂಡರು. ಅವರನ್ನು ಕೊಂದದ್ದು ಗುಂಡಲ್ಲ, ಮೂತ್ರಕೋಶದ ಸೋಂಕು ಮತ್ತು ಹಾಸಿಗೆ ಹುಣ್ಣು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದಿದ್ದ ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದಿ ನರವೈದ್ಯರು ೧೯೪೪ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಇಂಥ ಗಾಯಾಳುಗಳಿಗಾಗಿ ಒಂದು ವಿಭಾಗವನ್ನು ತೆರೆದು ಮಾಡಿದ ಮೊದಲ ಮಹತ್ಕಾರ್ಯ ಕೇಳುವುದಕ್ಕೆ ತೀರ ಸಾಮಾನ್ಯವಾದುದು: ಹಗಲಿರುಳೂ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲನ್ನು ತಿರುಗಿಸತಕ್ಕದ್ದು. ಮಗ್ಗುಲು ತಿರುಗಿದಂತೆಲ್ಲ ಹುಣ್ಣು ನಿಂತಿತು, ಹುಣ್ಣು ನಿಂತಂತೆ ಸಾವು ಹಿಂದಕ್ಕೆ ಸರಿಯಿತು. ೧೯೪೮ರ ಜುಲೈ ೨೯ರಂದು ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ ಅವರು ಹದಿನಾರು ಮಂದಿ ಗಾಯಾಳುಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ಲುವಿದ್ಯೆಯ ಪಂದ್ಯ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸಿನ ಮೊಳಕೆ ಅದು. ಮೂತ್ರದ ತೊಡಕಿಗೆ ಪರಿಹಾರ ಇನ್ನೂ ತಡವಾಗಿ ಬಂತು. ರೋಗಿಯು ತಾನೇ ಶುಚಿಯಾದ ನಳಿಗೆಯೊಂದನ್ನು ದಿನಕ್ಕೆ ನಾಲ್ಕಾರು ಬಾರಿ ತೂರಿಸಿ ಮೂತ್ರವನ್ನು ಖಾಲಿಮಾಡಿಕೊಂಡರೆ ಸಾಕು, ಸದಾ ಪೈಪು ಇರಬೇಕಾಗಿಲ್ಲವೆಂದು ೧೯೭೨ರಲ್ಲಿ ಅಮೆರಿಕದ ಜಾಕ್ ಲ್ಯಾಪಿಡಿಸ್ ತೋರಿಸಿಕೊಟ್ಟನು. ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವರು ಅದರಿಂದ ಉಳಿದರು. ಶಸ್ತ್ರವೈದ್ಯದ ಚಮತ್ಕಾರಗಳಿಗಿಂತ ಈ ಎರಡು ಸಾಮಾನ್ಯ ಉಪಾಯಗಳು ಹೆಚ್ಚು ಜೀವಗಳನ್ನು ಕಾಪಾಡಿವೆಯೆಂದೇ ನನ್ನ ನಂಬುಗೆ.

ನಮ್ಮ ದೇಶದಲ್ಲಿಯೂ ಈ ಕತೆಗೆ ಮುಖ್ಯ ಪುರುಷರಲ್ಲ, ಮುಖ್ಯ ಸ್ತ್ರೀಯರಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ತರುಣ ವೈದ್ಯೆ ಮೇರಿ ವರ್ಗೀಸ್ ೧೯೫೪ರ ವಾಹನಾಪಘಾತವೊಂದರಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆಮೇಲೆ ಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡುವುದನ್ನು ಕಲಿತರು, ಪುನರ್ವಸತಿ ವೈದ್ಯವನ್ನು ಅಭ್ಯಾಸಮಾಡಿ ಬಂದು ೧೯೬೬ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನು ವೆಲ್ಲೂರಿನಲ್ಲಿ ನೆಲೆಗೊಳಿಸಿದರು. ಬೆಂಗಳೂರಿನಲ್ಲಿ, ತಾವೇ ಪೋಲಿಯೋದಿಂದ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ ಅವರು ೧೯೫೯ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಎಂಬ ಸಂಸ್ಥೆ ಇಂದು ಬೆನ್ನುಹುರಿಯ ಗಾಯಾಳುಗಳಿಗೂ ತರಬೇತಿ ಕೊಡುತ್ತಿದೆ. ೧೯೭೪ರಲ್ಲಿ ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ರೂಪುಗೊಂಡ ನಿಮ್ಹಾನ್ಸ್, ನರರೋಗವನ್ನೂ ಮನೋರೋಗವನ್ನೂ ಒಂದೇ ಸೂರಿನಡಿಯಲ್ಲಿ ನೋಡುವ ಸ್ಥಳ. ನನ್ನ ವಿಷಯಕ್ಕೆ ಅದಕ್ಕಿಂತ ಸಮರ್ಪಕವಾದ ಸೂರು ಬೇರೆ ಬೇಕಾಗಿಲ್ಲ.

ಈಗ ಮನಸ್ಸಿನ ಮಾತು. ಅಮೆರಿಕದ ಕೊಲೊರಾಡೋ ಪ್ರಾಂತ್ಯದವರು ೧೯೯೪ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಆಗಾಗ ನೆನೆಯುತ್ತೇನೆ. ತುರ್ತುಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರನ್ನೂ ದಾದಿಯರನ್ನೂ ಕಂಡು, ನಿಮಗೇ ಕುತ್ತಿಗೆಯ ಕೆಳಗೆ ಸ್ವಾಧೀನ ತಪ್ಪಿದರೆ ಬದುಕಿ ಉಳಿದೆನೆಂದು ಸಂತೋಷಪಡುವಿರಾ ಎಂದು ಕೇಳಲಾಗಿ, ಹೌದೆಂದವರು ನೂರಕ್ಕೆ ೧೮ ಮಂದಿ. ನಿಜವಾಗಿ ಅಂಥ ಗಾಯದಿಂದ ಬದುಕಿ ಉಳಿದವರನ್ನು ಅದೇ ಪ್ರಶ್ನೆ ಕೇಳಲಾಗಿ, ಹೌದೆಂದವರು ನೂರಕ್ಕೆ ೯೨ ಮಂದಿ. ಹದಿನೆಂಟಕ್ಕೂ ತೊಂಬತ್ತೆರಡಕ್ಕೂ ನಡುವಣ ಈ ಕಂದರವೇ ನಮ್ಮ ಕನಿಕರದ ತಪ್ಪಿನ ಅಳತೆ. ದಿನನಿತ್ಯ ಇಂಥ ರೋಗಿಗಳನ್ನು ಮುಟ್ಟುವ ವೈದ್ಯರೇ ಹೀಗೆ ಊಹಿಸುವಾಗ, ಜಗಲಿಯ ಮೇಲೆ ಐದು ನಿಮಿಷ ಕುಳಿತು ಹೋಗುವ ನೆಂಟನ ಊಹೆ ಹೇಗಿದ್ದೀತು! ಹಾಗೆಂದು ವ್ಯಥೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೆನ್ನುಹುರಿಯ ಗಾಯಾಳುಗಳಲ್ಲಿ ಹೆಚ್ಚುಕಡಿಮೆ ಐವರಲ್ಲೊಬ್ಬರಿಗೆ ಚಿಕಿತ್ಸೆಗೆ ಅರ್ಹವಾದ ಖಿನ್ನತೆಯಿರುವುದೆಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಇದು ಸಾಮಾನ್ಯ ಜನರಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು. ಆತ್ಮಹತ್ಯೆಯ ಅಪಾಯವೂ ಹೆಚ್ಚು, ಅದರಲ್ಲಿಯೂ ಮೊದಲ ಕೆಲವು ವರ್ಷಗಳಲ್ಲಿ. ಆದರೆ ಐವರಲ್ಲೊಬ್ಬರೆಂದರೆ ಉಳಿದ ನಾಲ್ವರೂ ಇದ್ದಾರೆಂಬುದನ್ನು ಮರೆಯಬಾರದು, ಆ ಒಬ್ಬನ ಖಿನ್ನತೆಯೂ ವಿಧಿಲಿಖಿತವಲ್ಲ, ಔಷಧಕ್ಕೂ ಮಾತಿಗೂ ಬಗ್ಗುವ ರೋಗವೆಂಬುದನ್ನು ಅದಕ್ಕಿಂತ ಹೆಚ್ಚಾಗಿ ಮರೆಯಬಾರದು.

ವ್ಯಥೆ ಯಾವುದರ ವ್ಯಥೆ ಎಂದು ವಿಚಾರಿಸೋಣ. ಹೊರಗಿನವರು ಕಾಲನ್ನು ನೋಡುತ್ತಾರೆ. ಒಳಗಿರುವವನನ್ನು ಬಿಡಿಸಿ ಕೇಳಿದರೆ ಅವನು ಕಾಲಿನ ಮಾತನ್ನು ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಎತ್ತುತ್ತಾನೆ. ಮೊದಲು ಬರುವುದು ಮಲಮೂತ್ರಗಳ ಮಾತು. ನೆಂಟರೆದುರಿಗೆ ಪಂಚೆ ಒದ್ದೆಯಾದದ್ದು, ಮದುವೆಗೆ ಕರೆದರೂ ಹೋಗದೆ ಉಳಿದದ್ದು, ಹಾಸಿಗೆ ಹುಣ್ಣಿನ ವಾಸನೆಯನ್ನು ಮುಚ್ಚಲು ಊದುಬತ್ತಿ ಹಚ್ಚುತ್ತಿರುವುದನ್ನು ಮಗಳು ನೋಡಿದ್ದು, ನೀರು ಕುಡಿದರೆ ಹೆಂಡತಿಗೆ ಕೆಲಸ ಹೆಚ್ಚುವುದೆಂದು ಬಾಯಾರಿಕೆಯನ್ನೇ ನುಂಗಿಕೊಂಡು, ಅದರಿಂದಲೇ ಮೂತ್ರದಲ್ಲಿ ಸೋಂಕು ತಂದುಕೊಂಡದ್ದು ಇವೇ ಅವನ ದುಃಖದ ತಿರುಳು. ಆಮೇಲೆ ಸಾಲ. ಆಮೇಲೆ, ಮದುವೆಯಾದ ತರುಣನಾದರೆ, ಯಾರೂ ಕೇಳದ ಅವನೂ ಹೇಳದ ದಾಂಪತ್ಯದ ಪ್ರಶ್ನೆ. ಅದಕ್ಕೂ ವೈದ್ಯಶಾಸ್ತ್ರದಲ್ಲಿ ಉತ್ತರವುಂಟು, ಇಂಥ ಗಾಯವಾದ ಅನಂತರ ತಂದೆಯಾದವರುಂಟು, ಹೆಣ್ಣಾದರೆ ಗರ್ಭಧಾರಣೆಗೆ ಬಹುಮಟ್ಟಿಗೆ ಅಡ್ಡಿಯೇ ಇಲ್ಲ. ಈ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ತತ್ತ್ವಜ್ಞಾನದಿಂದ ಸಮಾಧಾನ ಹೇಳಬೇಕಾದ ದುಃಖ ಇದರಲ್ಲಿ ಕಡಮೆ, ನಳಿಗೆ, ಗಾಳಿಹಾಸಿಗೆ, ಅಗಲವಾದ ಬಾಗಿಲು, ಗೋಪ್ಯವಾಗಿ ಮಾತನಾಡಬಲ್ಲ ವೈದ್ಯ ಇವುಗಳಿಂದ ಕಳೆಯಬಹುದಾದ ದುಃಖವೇ ಹೆಚ್ಚು. ಏಜಾಕ್ಸನನ್ನು ಕೊಂದದ್ದು ಸೋಲಲ್ಲ, ಲಜ್ಜೆ. ನಮ್ಮವರನ್ನೂ ಒಳಗೊಳಗೇ ಕೊರೆಯುವುದು ಅದೇ.

ಇನ್ನೊಂದು ಸೂಕ್ಷ್ಮವಿದೆ. ಎತ್ತರದಿಂದ ಬಿದ್ದವನ ಬೆನ್ನಿನ ಗಾಯ ಎದ್ದುಕಾಣುವುದರಿಂದ ತಲೆಗಾದ ಪೆಟ್ಟು ಮರೆಯಾಗಿಹೋಗುವುದುಂಟು. ಒಂದೆರಡು ನಿಮಿಷ ಪ್ರಜ್ಞೆ ತಪ್ಪಿತ್ತು, ಉಸಿರು ಸರಿಯಾಗಿರಲಿಲ್ಲ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆರು ತಿಂಗಳು ಕಳೆದ ಮೇಲೆ ಮನುಷ್ಯ ಸಣ್ಣದಕ್ಕೆ ಸಿಡುಕುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ, ಹಣದ ಲೆಕ್ಕ ತಪ್ಪುತ್ತಾನೆ. ಮನೆಯವರು ಇದನ್ನು ಗರ್ವವೆಂದೋ, ಕುಳಿತು ತಿನ್ನುವವನ ಕೊಬ್ಬೆಂದೋ ಬಗೆಯುತ್ತಾರೆ. ಅದು ಪ್ರಾಣವಾಯುವಿಗೆ ಹಂಬಲಿಸಿದ ಮಿದುಳಿನ ಗಾಯವೂ ಆಗಿರಬಹುದು. ಗುಣದ ದೋಷವೆಂದು ತೀರ್ಮಾನಿಸುವ ಮೊದಲು ನರವೈದ್ಯನಿಗೆ ತೋರಿಸಿ ನಿಜವನ್ನು ತಿಳಿದರೆ, ಗಂಡಹೆಂಡಿರ ಎಷ್ಟೋ ಕಲಹಗಳು ತಮ್ಮಷ್ಟಕ್ಕೆ ತಾವೇ ಆರುತ್ತವೆ.

ನೋಡಲು ಬರುವವರ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಮಾತನಾಡಿದರೆ ಸಭೆಯು ಮನ್ನಿಸಬೇಕು. “ಎಂಥಾ ಆಳು, ಹಿಂಗ್ ಮಲಗಿಬಿಟ್ಯಲ್ಲಪ್ಪಾ!” ಎಂದು ಬಾಗಿಲಲ್ಲೇ ಕಣ್ಣೀರು ಸುರಿಸುವುದು, “ಯಾರ ಕಣ್ಣು ಬಿತ್ತೋ, ಯಾವ ಜನ್ಮದ ಕರ್ಮವೋ” ಎಂದು ಪಾಪದ ಲೆಕ್ಕವನ್ನು ಅವನ ತಲೆಗೇ ಕಟ್ಟುವುದು, ಅವನು ಎದುರಿಗೇ ಇದ್ದರೂ “ಊಟ ಮಾಡ್ತಾನಾ?” ಎಂದು ಹೆಂಡತಿಯನ್ನು ಕೇಳುವುದು. ತೋಟದ ಗುತ್ತಿಗೆ, ಮಗಳ ಮದುವೆ, ಕೊಬ್ಬರಿಯನ್ನು ಈಗ ಬಿಡುವುದೋ ಇನ್ನೂ ಕಾಯುವುದೋ ಎಂಬ ಮಾತುಗಳನ್ನು ಅವನಿಗೆ ಕೇಳದಂತೆ ಹಿತ್ತಲಲ್ಲಿ ಆಡುವುದು ಇವೆಲ್ಲಕ್ಕಿಂತ ಕ್ರೂರ. ಕಾಲು ಸ್ವಾಧೀನ ತಪ್ಪಿದವನ ಯಜಮಾನಿಕೆಯನ್ನೂ ನಾವು ಹೀಗೆ ಸ್ವಾಧೀನ ತಪ್ಪಿಸುತ್ತೇವೆ.

ಪವಾಡದ ಆಸೆಯದೂ ಒಂದು ಪಾಡು. ಈ ಸಂಪಿಗೆಯೇ ಹಂಸಧ್ವಜನ ಚಂಪಕನಗರವೆಂದೂ, ಕಾದ ಎಣ್ಣೆಯ ಕೊಪ್ಪರಿಗೆಯಲ್ಲಿ ನೂಕಿದರೂ ಮೈ ಬೇಯದೆ ಎದ್ದುಬಂದ ಸುಧನ್ವನು ಇಲ್ಲಿಯವನೆಂದೂ ಸ್ಥಳಪುರಾಣ ಹೇಳುತ್ತದೆ. ಭಕ್ತಿಗೆ ಅದು ಚೆಲುವಾದ ಕತೆ, ಚಿಕಿತ್ಸೆಗೆ ಆದರ್ಶವಲ್ಲ. ಪುತ್ತೂರಿನ ಕಟ್ಟು, ಕೇರಳದ ಎಣ್ಣೆ, ಊರೂರಿನ ನಾಟಿವೈದ್ಯ, ಇವೆಲ್ಲ ಮುಗಿದ ಮೇಲೆ ಲಕ್ಷಗಟ್ಟಲೆ ಕೇಳುವ ಸ್ಟೆಮ್ ಸೆಲ್ ಸೂಜಿ ಎಂದು ತೋಟವನ್ನು ಅಡವಿಟ್ಟು ಅಲೆಯುವ ಕುಟುಂಬಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿಯ ಗಾಯಕ್ಕೆ ಸ್ಟೆಮ್ ಸೆಲ್ ಎಂಬುದು ಪರೀಕ್ಷೆಯ ಹಂತದಲ್ಲಿರುವ ವಿಷಯವೇ ಹೊರತು ದು‌ಡ್ಡು ತೆಗೆದುಕೊಂಡು ಮಾರುವ ಚಿಕಿತ್ಸೆಯಲ್ಲ. ಸ್ವಾಧೀನ ಭಾಗಶಃ ಮರಳಿ ಬರುವುದಾದರೆ ಬಹುಮಟ್ಟಿಗೆ ಮೊದಲ ಆರೆಂಟು ತಿಂಗಳುಗಳಲ್ಲಿ ಬರುತ್ತದೆ. ಆ ಅಮೂಲ್ಯವಾದ ಕಾಲ ಅಂಗಸಾಧನೆಗೆ ಸಲ್ಲಬೇಕಾದುದು, ಅಲೆದಾಟಕ್ಕೆ ಸಲ್ಲುತ್ತದೆ.

ಮನೆಯವರಿಗೆ ಎರಡು ಮಾತು. ಹಾಸಿಗೆಯಲ್ಲಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು, ಕುರ್ಚಿಯಲ್ಲಿರುವಾಗ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಕುಂಡೆಯನ್ನು ಎತ್ತುವುದು, ದಿನಕ್ಕೊಮ್ಮೆ ಕನ್ನಡಿ ಹಿಡಿದು ಚರ್ಮವನ್ನು ನೋಡಿಕೊಳ್ಳುವುದು, ಇಷ್ಟು ನಡೆದರೆ ಹುಣ್ಣು ಬರಬೇಕಾಗಿಲ್ಲ. ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವನಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪೇರಿ, ಬೆವರು ಕಿತ್ತುಬಂದರೆ ಮೂತ್ರಕೋಶ ತುಂಬಿರಬಹುದು ಅಥವಾ ಪೈಪು ಮಡಚಿರಬಹುದು. ಒಡನೆ ಅವನನ್ನು ಎತ್ತಿ ಕೂರಿಸಿ ಅದನ್ನು ಸರಿಪಡಿಸದಿದ್ದರೆ ರಕ್ತದೊತ್ತಡವೇರಿ ಮಿದುಳಿನಲ್ಲಿ ರಕ್ತನಾಳ ಒಡೆಯುವುದುಂಟು. ಹೊಸಿಲನ್ನು ತೆಗೆಸಿರಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಸಾಕು. ಬಚ್ಚಲಿನ ಬಾಗಿಲು ಕುರ್ಚಿ ನುಗ್ಗುವಷ್ಟು ಅಗಲವಿರಲಿ. ಶುಶ್ರೂಷೆ ಮಾಡುವ ಹೆಂಗಸಿಗೂ ವಾರದಲ್ಲಿ ಒಂದು ದಿನ ಬಿಡುವು ಸಿಗುವಂತೆ ನೆಂಟರು ಸರದಿ ಹಾಕಿಕೊಳ್ಳಲಿ; ಹಣ್ಣುಹಂಪಲು ಹಿಡಿದುಕೊಂಡು ಬರುವುದಕ್ಕಿಂತ ಅದು ಹೆಚ್ಚಿನ ಉಪಕಾರ. ಅವನಿಗಾಗಲಿ ಅವಳಿಗಾಗಲಿ ಬದುಕು ಬೇಡವೆನ್ನಿಸುವ ರಾತ್ರಿ ಬಂದರೆ, ೨೦೨೨ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ. ಅದರ ಸಂಖ್ಯೆ ೧೪೪೧೬; ಹಗಲಿರುಳು ಕರೆಯಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ತೋಟದ ಯಜಮಾನರಿಗೂ ಹೇಳುವುದಿದೆ. ತೆಂಗು ಅಭಿವೃದ್ಧಿ ಮಂಡಳಿಯು ೨೦೧೧ರಿಂದ ತರುಣರಿಗೆ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿಯನ್ನು ಕೊಡುತ್ತಿದೆ. ಹತ್ತುವವರಿಗೆಂದೇ ಕೇರ ಸುರಕ್ಷಾ ಎಂಬ ವಿಮೆಯನ್ನೂ ಏರ್ಪಡಿಸಿದೆ. ಮರಕ್ಕಿಷ್ಟೆಂದು ಕೂಲಿ ಮಾತನಾಡುವಾಗ, ನಿನಗೆ ವಿಮೆಯಿದೆಯೇ, ಸೊಂಟಕ್ಕೆ ಕಟ್ಟುವ ಸುರಕ್ಷಾಪಟ್ಟಿ ತಂದಿದ್ದೀಯಾ ಎಂದು ಎರಡು ಮಾತು ಹೆಚ್ಚಿಗೆ ಕೇಳುವುದರಿಂದ ಯಜಮಾನಿಕೆಗೇನೂ ಕುಂದು ಬರುವುದಿಲ್ಲ. ಕಂತಿನ ಹಣವನ್ನು ತಾವೇ ಕಟ್ಟಿದರೆ ಇನ್ನೂ ಲೇಸು. ಒಂದು ಮೂಟೆ ಕೊಬ್ಬರಿಯ ಬೆಲೆಯ ಮುಂದೆ ಅದು ಲೆಕ್ಕಕ್ಕೆ ಬರುವ ಮೊತ್ತವಲ್ಲ.

ಕಡೆಯದಾಗಿ ಕೆಲಸದ ಮಾತು. ಬಿದ್ದವನಿಗೆ ಇನ್ನೇನು ಕೆಲಸ ಮಾಡಲಾದೀತು ಎನ್ನುವ ಪ್ರಶ್ನೆಗೆ ಬೇರೆ ಸೀಮೆಯಲ್ಲಿ ಉತ್ತರ ಹುಡುಕಬೇಕಾದೀತು, ಇಲ್ಲಿ ಹುಡುಕಬೇಕಾಗಿಲ್ಲ. ಅಟ್ಟದಿಂದಿಳಿದ ಕಾಯಿಯ ಕರಟವನ್ನು ಒಡೆದು ಉಂಡೆಗೆ ಗಾಯವಾಗದಂತೆ ಕೊಬ್ಬರಿಯನ್ನು ಬಿಡಿಸುವುದು, ಗಾತ್ರ ಬಣ್ಣಗಳನ್ನು ನೋಡಿ ವಿಂಗಡಿಸುವುದು, ತೂಕ ಬರೆಯುವುದು, ಮಾರುಕಟ್ಟೆಯ ದರವನ್ನು ಫೋನಿನಲ್ಲಿ ವಿಚಾರಿಸಿ ಲೆಕ್ಕವಿಡುವುದು ಇವೆಲ್ಲವೂ ಕುಳಿತು ಮಾಡುವ ಕೆಲಸಗಳು. ಜೀವಮಾನವೆಲ್ಲ ಮರದ ಮೇಲೆ ಕಾಯಿ ತಟ್ಟಿ ಬಲಿತದ್ದನ್ನು ಅರಿಯುತ್ತಿದ್ದವನಿಗೆ ಕೊಬ್ಬರಿಯ ಗುಣ ಕಿವಿಯಿಂದಲೇ ತಿಳಿಯುತ್ತದೆ. ನೆಲದ ಮೇಲೆ ಕುಳಿತು ಮಾಡುವುದು ಅವನ ಚರ್ಮಕ್ಕೆ ಆಗದು. ಕುರ್ಚಿಯ ಮಟ್ಟಕ್ಕೆ ಒಂದು ಮೇಜು ಹಾಕಿಸಿ, ಕೆಳಗೆ ಕಾಲು ತೂರುವಷ್ಟು ಜಾಗ ಬಿಡಿಸಿದರೆ ಆಯಿತು, ಊರಿನ ಬಡಗಿಯೇ ಒಂದು ಹಗಲಿನಲ್ಲಿ ಮಾಡಿಕೊಡುತ್ತಾನೆ. ಕೂಲಿಯ ವಿಚಾರದಲ್ಲಿ ಮಾತ್ರ ದಾನಧರ್ಮವನ್ನು ಬೆರೆಸಬೇಡಿ. ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿರುವವರಿಗೆ ನೂರು ಕಾಯಿಗೆ ಎಷ್ಟು ಕೊಡುತ್ತೀರೋ ಅವನಿಗೂ ಅಷ್ಟೇ ಕೊಡಿ. ಕಡಮೆ ಒಡೆದ ದಿನ ಕಡಮೆ, ಹೆಚ್ಚು ಒಡೆದ ದಿನ ಹೆಚ್ಚು.